ಅರ್ಧವರ್ಷದ ಸುದ್ದಿಯಲ್ಲಿ ಯಾರ ಯಾರ ಹೆಸರಿದೆ?

ದಸರಾ ರಜೆಗೆ ಮುನ್ನ ನಮ್ಮ ಪ್ರೌಢಶಾಲೆಗಳು ಊರಿಗೆ ಒಪ್ಪಿಸುವ ಲೆಕ್ಕದಲ್ಲಿ ಅಂಕಗಳ ಜೊತೆಗೆ ಇನ್ನೂ ಏನೇನಿರಬೇಕು?

ದಸರಾ ರಜೆಗೆ ನಾಲ್ಕೈದು ದಿನ ಉಳಿದಿರುವಾಗ ಯಾವುದಾದರೂ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರ ಕೊಠಡಿಗೆ ಹೋಗಿ ನೋಡಿ. ಮೇಜಿನ ಮೇಲೆ ಎಸ್‌ಎ–1 (ಅರ್ಧವಾರ್ಷಿಕ ಪರೀಕ್ಷೆ) ಉತ್ತರ ಪತ್ರಿಕೆಗಳ ಕಟ್ಟುಗಳು. ಬೀರುವಿನ ಮೇಲೆ ತಾಲ್ಲೂಕು ಕ್ರೀಡಾಕೂಟದಿಂದ ಬಂದ ಕಪ್‌. ಮೂಲೆಯಲ್ಲಿ ಪ್ರತಿಭಾ ಕಾರಂಜಿಯ ಜಾನಪದ ನೃತ್ಯಕ್ಕೆಂದು ಬಾಡಿಗೆಗೆ ತಂದ ಉಡುಪಿನ ಗಂಟು. ಒಬ್ಬ ಶಿಕ್ಷಕರು ಅಂಕ ಕೂಡುತ್ತಿದ್ದಾರೆ, ಇನ್ನೊಬ್ಬರು ಅದನ್ನು ಎಸ್‌ಎಟಿಎಸ್‌ ವಿದ್ಯಾರ್ಥಿ ಮಾಹಿತಿ ತಂತ್ರಾಂಶಕ್ಕೆ ಏರಿಸಲು ನೆಟ್‌ವರ್ಕ್‌ಗಾಗಿ ಕಾಯುತ್ತಿದ್ದಾರೆ, ಮತ್ತೊಬ್ಬರು ಬಿಸಿಯೂಟದ ಅಕ್ಕಿ, ಬೇಳೆ, ಹಾಲಿನ ಪುಡಿಯ ದಾಸ್ತಾನು ತಾಳೆ ನೋಡುತ್ತಿದ್ದಾರೆ. ಜೂನ್‌ನಿಂದ ಈಚೆಗೆ ನಡೆದದ್ದೆಲ್ಲ ಆ ಒಂದು ಕೋಣೆಗೆ ಬಂದು ಸೇರಿರುತ್ತದೆ.

ಅಲ್ಲಿಂದ ಹೊರಟು ಊರಿಗೆ ತಲುಪುವ ಸುದ್ದಿ ಮಾತ್ರ ಬಹಳ ಚಿಕ್ಕದು. ಪೋಷಕರ ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ಹೆಚ್ಚು ಅಂಕ ಪಡೆದ ಮೂವರ ಫೋಟೊ, ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ ಇಬ್ಬರ ಫೋಟೊ, ಕೆಳಗೆ ಅಭಿನಂದನೆಯ ಒಂದು ಸಾಲು. ನೂರೈವತ್ತು ಮಕ್ಕಳ ಶಾಲೆಯಲ್ಲಿ ಐದು ಹೆಸರು. ಉಳಿದ ನೂರನಲವತ್ತೈದು ಮಕ್ಕಳು ಇಷ್ಟು ತಿಂಗಳು ಅದೇ ಅಂಗಳದಲ್ಲಿ ಏನು ಮಾಡಿದರು, ಯಾವ ಕೆಲಸವನ್ನು ಮೊದಲ ಬಾರಿಗೆ ತಾವೇ ನಿಂತು ಮುಗಿಸಿದರು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಅರ್ಧವರ್ಷದ ಸುದ್ದಿಯಲ್ಲಿ ಶಾಲೆಯ ಪ್ರತಿ ಮಗುವಿನ ಹೆಸರೂ ಒಮ್ಮೆಯಾದರೂ ಬರಬೇಕು ಎಂಬುದು ಈ ಲೇಖನದ ಒತ್ತಾಯ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಸುತ್ತೋಲೆಯೂ ಬೇಕಿಲ್ಲ. ಈಗಿರುವ ವ್ಯವಸ್ಥೆಯೊಳಗೇ ಜಾಗ ಇದೆ. ಎಲ್ಲೆಲ್ಲಿದೆ ಎಂದು ನೋಡೋಣ.

ಜೂನ್‌ನಿಂದ ದಸರೆಯವರೆಗೆ

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ಎರಡು ಅವಧಿ. ಮೊದಲನೆಯದು ಮೇ ತಿಂಗಳ ಕೊನೆಗೋ ಜೂನ್‌ ಮೊದಲಿಗೋ ಆರಂಭವಾಗಿ ದಸರಾ ರಜೆಗೆ ಮುಗಿಯುತ್ತದೆ. ಎರಡನೆಯದು ರಜೆ ಕಳೆದ ಮೇಲೆ ಶುರುವಾಗಿ ಏಪ್ರಿಲ್‌ವರೆಗೆ ನಡೆಯುತ್ತದೆ. ದಸರೆ ಚಾಂದ್ರಮಾನದ ಹಬ್ಬವಾದ್ದರಿಂದ ಮೊದಲ ಅವಧಿಯ ಉದ್ದ ಪ್ರತಿ ವರ್ಷ ಒಂದೇ ಆಗಿರುವುದಿಲ್ಲ. 2024ರಲ್ಲಿ ರಜೆ ಅಕ್ಟೋಬರ್‌ 3ಕ್ಕೆ ಶುರುವಾಯಿತು. 2025ರಲ್ಲಿ ಸೆಪ್ಟೆಂಬರ್‌ 20ಕ್ಕೇ ಬಂತು. ಹಬ್ಬ ಮುಂಚಿತವಾಗಿ ಬಂದ ವರ್ಷ ಅಷ್ಟೇ ಪಾಠ, ಅಷ್ಟೇ ಪರೀಕ್ಷೆ, ಅಷ್ಟೇ ಸ್ಪರ್ಧೆಗಳನ್ನು ಸುಮಾರು ಎರಡು ವಾರ ಕಡಿಮೆ ಅವಧಿಯಲ್ಲಿ ಮುಗಿಸಬೇಕು. ಒತ್ತಡ ಬಿದ್ದಾಗ ಮೊದಲು ಕೈಬಿಡುವುದು ಎಲ್ಲ ಮಕ್ಕಳೂ ಸೇರಿ ಮಾಡಬೇಕಾದ ಕೆಲಸವನ್ನೇ.

ತಿಂಗಳುಗಳ ಲೆಕ್ಕದಲ್ಲಿ ನೋಡಿದರೆ ಈ ಅವಧಿ ತುಂಬಿ ತುಳುಕುತ್ತದೆ. ಪ್ರಾರಂಭೋತ್ಸವದ ದಿನ ಬಾಗಿಲಿಗೆ ಮಾವಿನ ತೋರಣ, ಊಟಕ್ಕೆ ಸಿಹಿ. ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡುವ ಸೇತುಬಂಧ. ಜೂನ್‌ 5ಕ್ಕೆ ಪರಿಸರ ದಿನ, 21ಕ್ಕೆ ಯೋಗ ದಿನ, ನಡುವೆ ಶಾಲಾ ಸಂಸತ್ತಿನ ಚುನಾವಣೆ. ಜುಲೈ ಹೊತ್ತಿಗೆ ಮೊದಲ ರೂಪಣಾತ್ಮಕ ಮೌಲ್ಯಮಾಪನ, ಶಾಲೆಯವರ ಮಾತಿನಲ್ಲಿ ಎಫ್‌ಎ–1. ಆಗಸ್ಟ್‌ ಬಂತೆಂದರೆ ಸ್ವಾತಂತ್ರ್ಯೋತ್ಸವದ ತಾಲೀಮು, ಹೋಬಳಿ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿಯ ಸಿದ್ಧತೆ. ಆಮೇಲೆ ಎಫ್‌ಎ–2, ಶಿಕ್ಷಕರ ದಿನಾಚರಣೆ, ಕೊನೆಗೆ ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಎಸ್‌ಎ–1. ಪ್ರವಾಸ, ವಾರ್ಷಿಕೋತ್ಸವ, ಬೀಳ್ಕೊಡುಗೆಗಳೆಲ್ಲ ಎರಡನೇ ಅವಧಿಯವು. ಮಕ್ಕಳು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವ ಅವಕಾಶಗಳು ಹೆಚ್ಚಾಗಿ ಇರುವುದು ಈ ಮೊದಲರ್ಧದಲ್ಲೇ.

ಐವತ್ತರಲ್ಲಿ ಮೂವತ್ತು

ಚಟುವಟಿಕೆ ಎಂದರೆ ಪಾಠ ಮುಗಿದ ಮೇಲಿನ ಹವ್ಯಾಸ ಎಂದು ಅನೇಕ ಪೋಷಕರು ತಿಳಿದಿದ್ದಾರೆ. ಎಸ್ಸೆಸ್ಸೆಲ್ಸಿ ಅಂಕಗಳ ಲೆಕ್ಕ ಬೇರೆ ಮಾತು ಹೇಳುತ್ತದೆ. ಹತ್ತನೇ ತರಗತಿಯಲ್ಲಿ ಪ್ರಥಮ ಭಾಷೆಗೆ 100 ಅಂಕಗಳ ಲಿಖಿತ ಪರೀಕ್ಷೆ, 25 ಆಂತರಿಕ ಅಂಕ. ಉಳಿದ ಐದು ವಿಷಯಗಳಿಗೆ ತಲಾ 80 ಮತ್ತು 20. ಒಟ್ಟು 625 ಅಂಕಗಳಲ್ಲಿ 125, ಅಂದರೆ ಐದರಲ್ಲೊಂದು ಪಾಲು, ಶಾಲೆಯೊಳಗೇ ನಿರ್ಧಾರವಾಗುತ್ತದೆ. ಈ ಆಂತರಿಕ ಅಂಕ ಬರುವುದು ನಾಲ್ಕು ಎಫ್‌ಎಗಳಿಂದ. ಪ್ರತಿ ಎಫ್‌ಎ 50 ಅಂಕದ್ದು: 20 ಅಂಕಕ್ಕೆ ಕಿರುಪರೀಕ್ಷೆ, ತಲಾ 15ರಂತೆ 30 ಅಂಕಕ್ಕೆ ಎರಡು ಚಟುವಟಿಕೆ. ಲೆಕ್ಕ ಹಾಕಿದರೆ 125 ಆಂತರಿಕ ಅಂಕಗಳಲ್ಲಿ 75 ಅಂಕ ಮಗು ಕೈಯಾರೆ ಮಾಡಿದ ಕೆಲಸಕ್ಕೆ ಸಲ್ಲುತ್ತದೆ.

ಈ ಪದ್ಧತಿಯನ್ನು ರೂಪಿಸಿದವರ ಆಲೋಚನೆ ಸೊಗಸಾದದ್ದು. ಸಮಾಜ ವಿಜ್ಞಾನಕ್ಕೆ ಊರಿನ ವೀರಗಲ್ಲು, ಮಾಸ್ತಿಗಲ್ಲುಗಳ ಚಿತ್ರ ಬಿಡಿಸಿ ಹಿರಿಯರಿಂದ ವಿವರ ಕೇಳಿ ಬರೆಯಬಹುದು. ಗಣಿತಕ್ಕೆ ವಾರದ ಸಂತೆಯಲ್ಲಿ ಈರುಳ್ಳಿ, ಟೊಮೆಟೊ ಬೆಲೆ ಗುರುತು ಹಾಕಿಕೊಂಡು ಸರಾಸರಿ ತೆಗೆಯಬಹುದು. ವಿಜ್ಞಾನಕ್ಕೆ ಕೆರೆ, ಬಾವಿ, ಬೋರ್‌ವೆಲ್‌ ನೀರನ್ನು ಲಿಟ್ಮಸ್‌ ಕಾಗದದಲ್ಲಿ ಪರೀಕ್ಷಿಸಬಹುದು. ಕನ್ನಡಕ್ಕೆ ಅಜ್ಜಿಯ ಬಾಯಿಂದ ಸೋಬಾನೆ ಪದ, ಒಗಟು, ಗಾದೆ ಸಂಗ್ರಹಿಸಬಹುದು. ಇವಕ್ಕೆಲ್ಲ ಹಣ ಬೇಕಿಲ್ಲ. ಪಟ್ಟಣದ ಮಗುವಿಗಿಂತ ಹಳ್ಳಿಯ ಮಗುವಿಗೆ ಇಂಥ ಸಾಮಗ್ರಿ ಹತ್ತಿರವೇ ಸಿಗುತ್ತದೆ. ಕುರಿ ಕಾಯುವ ಮನೆಯ ಹುಡುಗ ಮಳೆ ನಕ್ಷತ್ರಗಳ ಬಗ್ಗೆ ಬರೆದು ತಂದರೆ, ಮೇಷ್ಟ್ರು ಕೂಡ ಅವನಿಂದ ಕಲಿಯುವುದು ಇರುತ್ತದೆ.

ಆದರೆ ಬಹಳಷ್ಟು ಕಡೆ ಆಗುವುದು ಬೇರೆ. ಸ್ಟೇಷನರಿ ಅಂಗಡಿಯಿಂದ ಸಿದ್ಧ ಚಾರ್ಟು ಬರುತ್ತದೆ, ಸೈಬರ್‌ ಕೇಂದ್ರದಿಂದ ಮುದ್ರಿಸಿದ ಪುಟ ಬರುತ್ತದೆ, ಒಬ್ಬರದನ್ನು ನೋಡಿ ಹತ್ತು ಮಂದಿ ನಕಲು ಮಾಡುತ್ತಾರೆ. ಶಿಕ್ಷಕರೂ ಮಕ್ಕಳಿಗೆ ತೊಂದರೆಯಾಗದಿರಲೆಂದು ಎಲ್ಲರಿಗೂ 14, 15 ಕೊಟ್ಟುಬಿಡುತ್ತಾರೆ. ಹೀಗೆ ಕೊಟ್ಟ ಅಂಕದಿಂದ ಮಗುವಿನ ಒಟ್ಟು ಏರುತ್ತದೆ, ಆದರೆ ಅದರ ಗುರುತು ಅಳಿಸಿಹೋಗುತ್ತದೆ. ನಿಜವಾಗಿ ಕಷ್ಟಪಟ್ಟು ಮಾಡಿದವಳಿಗೂ ನಕಲು ಮಾಡಿದವನಿಗೂ ಒಂದೇ ಅಂಕ ಬಿದ್ದಾಗ, ಮುಂದಿನ ಸಲ ಅವಳೂ ನಕಲಿಗೇ ಹೋಗುತ್ತಾಳೆ. ಒಂದು ಎಫ್‌ಎಗೆ ಒಂದೇ ಚಟುವಟಿಕೆಯನ್ನು ಊರಿಗೆ ಸಂಬಂಧಿಸಿದಂತೆ ಕೊಟ್ಟು, ಮಾಡಿದ್ದನ್ನು ತರಗತಿಯ ಮುಂದೆ ಮೂರು ನಿಮಿಷ ವಿವರಿಸಲು ಹೇಳಿದರೆ ಸಾಕು. ನಕಲು ತಾನಾಗಿ ಕಡಿಮೆಯಾಗುತ್ತದೆ. ಸುದ್ದಿಗೆ ಯೋಗ್ಯವಾದ ಮೊದಲ ಹೆಸರುಗಳು ಅಲ್ಲಿಂದಲೇ ಸಿಗುತ್ತವೆ.

ಕಾರಂಜಿಯ ಮೊದಲ ಮೆಟ್ಟಿಲು

ಪ್ರತಿಭಾ ಕಾರಂಜಿ ಈಗ ರಾಜ್ಯದ ಶಾಲಾ ಬದುಕಿನಲ್ಲಿ ಬೇರೂರಿದೆ. ಕಂಠಪಾಠ, ಭಾವಗೀತೆ, ಜಾನಪದ ಗೀತೆ, ಆಶುಭಾಷಣ, ಚರ್ಚಾ ಸ್ಪರ್ಧೆ, ರಂಗೋಲಿ, ಮಿಮಿಕ್ರಿ, ಕವನ ವಾಚನ, ಗಜಲ್‌, ಕವ್ವಾಲಿ, ಜಾನಪದ ನೃತ್ಯ, ರಸಪ್ರಶ್ನೆ ಹೀಗೆ ಪಟ್ಟಿ ಉದ್ದವಿದೆ. ಇಷ್ಟು ಬಗೆಯ ಕಲೆಗಳು ಒಂದೇ ವೇದಿಕೆಗೆ ಬರುವುದು ದೊಡ್ಡ ಮಾತು. ಸ್ವಂತ ಊರು ಬಿಟ್ಟು ಬೇರೆ ಊರಿನ ವೇದಿಕೆಯಲ್ಲಿ ನಿಂತು ಮೈಕ್‌ ಮುಂದೆ ಮಾತಾಡುವ ಅವಕಾಶ ಎಷ್ಟೋ ಮಕ್ಕಳಿಗೆ ಸಿಕ್ಕಿದ್ದು ಇದರಿಂದಲೇ.

ಸ್ಪರ್ಧೆ ಶಾಲಾ ಹಂತದಿಂದ ಕ್ಲಸ್ಟರ್‌, ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಏರುತ್ತದೆ. ಈ ಏಣಿಯಲ್ಲಿ ಎಲ್ಲ ಮಕ್ಕಳಿಗೂ ಪ್ರವೇಶವಿರುವುದು ಮೊದಲ ಮೆಟ್ಟಿಲಿನಲ್ಲಿ ಮಾತ್ರ. ಶಾಲಾ ಹಂತದಲ್ಲಿ ಯಾರು ಬೇಕಾದರೂ ಹಾಡಬಹುದು. ಮುಂದಿನ ಮಟ್ಟಗಳಿಗೆ ಗೆದ್ದವರಷ್ಟೇ ಹೋಗುತ್ತಾರೆ. ದಿನಗಳು ಸಾಲದೆ ಹೋದಾಗ ಈ ಶಾಲಾ ಹಂತ ಕಾಗದದ ಮೇಲೆಯೇ ಮುಗಿದುಹೋಗುವುದುಂಟು. 'ಹೋದ ವರ್ಷ ಹಾಡಿದವಳೇ ಹಾಡಲಿ, ಭಾಷಣಕ್ಕೆ ಅವನೇ ಇರಲಿ' ಎಂದು ಹೆಸರು ಬರೆದು ಕಳಿಸಿಬಿಡುತ್ತೇವೆ. ಬಹುಮಾನ ಬರುವ ಸಾಧ್ಯತೆ ಹೆಚ್ಚು ಎಂಬ ಲೆಕ್ಕ ಅದರ ಹಿಂದಿರುತ್ತದೆ. ಹೊಸದಾಗಿ ಎಂಟನೇ ತರಗತಿಗೆ ಸೇರಿ, ಕೊನೆಯ ಬೆಂಚಿನಲ್ಲಿ ಕೂತು ತತ್ವಪದ ಗುನುಗುವ ಹುಡುಗಿಯ ದನಿ ಯಾರ ಕಿವಿಗೂ ಬೀಳದೆ ಹೋಗುವುದು ಹೀಗೆ.

ಇದನ್ನು ತಪ್ಪಿಸಲು ನಮ್ಮಲ್ಲೇ ಹಳೆಯ ಮಾದರಿ ಇದೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನಲ್ಲಿ ಮಕ್ಕಳ ಕೂಟ ಕಟ್ಟಿ, ಆಟ, ಕುಣಿತ, ನಾಟಕಗಳ ಮೂಲಕ ಕಲಿಸುವ ಪ್ರಯೋಗ ಮಾಡಿದರು. ಅದೇ ಊರಿನಲ್ಲಿ ದಸರೆಯನ್ನು ನಾಡಹಬ್ಬವಾಗಿ ನಡೆಸಿದರು. ಮಗು ಕಲೆಯ ಹತ್ತಿರ ಬರುವುದು ಆನಂದಕ್ಕಾಗಿ ಎಂಬ ನಂಬಿಕೆ ಆ ಪ್ರಯೋಗದ ತಳದಲ್ಲಿತ್ತು. ಕಾರಂಜಿಗೆ ಮುನ್ನ ಎರಡು ಶನಿವಾರಗಳನ್ನು ಶಾಲಾ ಹಂತಕ್ಕೆಂದೇ ಎತ್ತಿಟ್ಟು, ಪ್ರತಿ ಮಗುವೂ ಯಾವುದಾದರೂ ಒಂದರಲ್ಲಿ ನಿಲ್ಲಲೇಬೇಕು ಎಂದರೆ ಆ ನಂಬಿಕೆಗೆ ನಾವು ಹತ್ತಿರವಾಗುತ್ತೇವೆ. ಹಾಡಲಾರದವರು ರಂಗೋಲಿ ಬಿಡಿಸಲಿ, ಅದೂ ಬೇಡವೆಂದವರು ನಿರೂಪಣೆ ಮಾಡಲಿ, ವೇದಿಕೆ ಕಟ್ಟಲಿ, ತಮಟೆ ಬಾರಿಸಲಿ. ತಾಲ್ಲೂಕಿಗೆ ಕಳಿಸುವವರನ್ನು ಆಮೇಲೆ ಆರಿಸಬಹುದು.

ಮೈದಾನದ ಲೆಕ್ಕ

2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಬಿ. ಚೈತ್ರಾ. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ರೈತ ಕುಟುಂಬದ ಹುಡುಗಿ, ಆಟ ಕಲಿತದ್ದು ಊರಿನ ಶಾಲೆಯ ಅಂಗಳದಲ್ಲಿ. ಎರಡು ಕಂಬ, ಸಮತಟ್ಟಾದ ನೆಲ, ಸಂಜೆ ನಿಂತು ಹೇಳಿಕೊಡುವ ಒಬ್ಬ ಗುರು. ಖೊಖೊಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ನಮ್ಮ ಬಹುಪಾಲು ಹಳ್ಳಿಗಳ ಪ್ರೌಢಶಾಲೆಗಳಿಗೆ ಕೈಗೆಟಕುವ ಆಟ ಇದು.

ಮೈದಾನ ಎಷ್ಟು ಮಕ್ಕಳನ್ನು ಒಳಗೊಳ್ಳಬಲ್ಲದು ಎಂದು ನೋಡಿ. ಕಬಡ್ಡಿ, ಖೊಖೊ, ವಾಲಿಬಾಲ್‌ ಮೂರಕ್ಕೂ ತಂಡವೆಂದರೆ ಬದಲಿ ಆಟಗಾರರು ಸೇರಿ 12 ಮಂದಿ. ಹುಡುಗರದ್ದೊಂದು, ಹುಡುಗಿಯರದ್ದೊಂದು ಎಂದು ಮೂರು ಆಟಕ್ಕೆ ಆರು ತಂಡ ಕಟ್ಟಿದರೆ 72 ಸ್ಥಾನಗಳಾಗುತ್ತವೆ. ನೂರೈವತ್ತು ಮಕ್ಕಳ ಶಾಲೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಇದು ಸಾಕು. ಒಬ್ಬನೇ ಹುಡುಗ ಮೂರೂ ತಂಡಗಳಲ್ಲಿ ಇರಬಾರದು ಎಂಬ ನಿಯಮವನ್ನು ಶಾಲೆ ತನಗೆ ತಾನೇ ಹಾಕಿಕೊಳ್ಳಬೇಕು, ಅಷ್ಟೆ. ಕಪ್‌ ಒಂದು ಕಡಿಮೆ ಬರಬಹುದು; ಆಡುವ ಮಕ್ಕಳು ಹೆಚ್ಚುತ್ತಾರೆ.

ಅಡ್ಡಿಗಳು ಇಲ್ಲದಿಲ್ಲ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳಿವೆ. ಅಲ್ಲಿ ಗಣಿತದ ಮೇಷ್ಟ್ರೇ ಸೀಟಿ ಹಿಡಿದು ನಿಲ್ಲಬೇಕು. ಹುಡುಗಿಯರು ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ 'ಇನ್ನು ಆಟ ಸಾಕು' ಎನ್ನುವ ಮನೆಗಳಿವೆ. ಸಂಜೆ ತಾಲೀಮು ಮುಗಿಸಿ ಊರಿಗೆ ಮರಳಲು ಬಸ್ಸಿಲ್ಲದ ಮಾರ್ಗಗಳಿವೆ. 2023ರ ಜೂನ್‌ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವ ಟಿಕೆಟ್‌ ಖರ್ಚು ಇಲ್ಲವಾಗಿದೆ. ಬಸ್ಸೇ ಬಾರದ ಊರಿಗೆ ಆ ಅನುಕೂಲ ತಲುಪುವುದಿಲ್ಲ. ಬೆಳಗಿನ ಪ್ರಾರ್ಥನೆಗೆ ಮುನ್ನ ಮುಕ್ಕಾಲು ಗಂಟೆ ಆಡಿಸುವ ಶಾಲೆಗಳು ಈ ಕಷ್ಟವನ್ನು ಒಂದಿಷ್ಟು ದಾಟಿವೆ.

ಇದಕ್ಕಿಂತ ದೊಡ್ಡ ಅಡ್ಡಿ ಫಲಿತಾಂಶದ ಭಯ. 2023ರಲ್ಲಿ ಶೇ 83.89ರಷ್ಟಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್‌ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಅಂದಿನಿಂದ ಬೆಳಗಿನ ವಿಶೇಷ ತರಗತಿ, ಸಂಜೆಯ ಗುಂಪು ಅಧ್ಯಯನ, ಶಿಕ್ಷಕರು ಮಕ್ಕಳನ್ನು ದತ್ತು ಪಡೆಯುವ ಕ್ರಮ, ಮನೆ ಭೇಟಿ ಎಲ್ಲವೂ ಬಿಗಿಯಾಗಿವೆ. ಕಲಿಕೆಯಲ್ಲಿ ಹಿಂದುಳಿದ ಮಗುವಿನ ಮನೆ ಬಾಗಿಲಿಗೆ ಶಿಕ್ಷಕರು ಹೋಗುವುದು ಗೌರವಿಸಬೇಕಾದ ಕೆಲಸ. ಆದರೆ 'ಹತ್ತನೇ ತರಗತಿಯವರಿಗೆ ಆಟ ಬೇಡ' ಎಂಬ ಅಲಿಖಿತ ಕಟ್ಟಳೆ ಅದರ ಜೊತೆಗೇ ಬರುತ್ತಿದೆ. ದಿನವಿಡೀ ಕೂತು ಓದುವ ಹದಿನೈದು ವರ್ಷದ ದೇಹಕ್ಕೆ ಅರ್ಧ ಗಂಟೆಯ ಓಟ ಬೇಕೇ ಬೇಕು. ಓದಿನಲ್ಲಿ ಸೋಲುತ್ತಿರುವ ಹುಡುಗ ತಾನು ಗೆಲ್ಲಬಲ್ಲ ಒಂದೇ ಜಾಗವಾದ ಕಬಡ್ಡಿ ಅಂಕಣವನ್ನೂ ಕಳೆದುಕೊಂಡರೆ, ಶಾಲೆಗೆ ಬರಲು ಅವನಿಗೆ ಕಾರಣವೇ ಉಳಿಯುವುದಿಲ್ಲ.

ಜವಾಬ್ದಾರಿಯೂ ಸುದ್ದಿಯೇ

ಹಾಡದ, ಆಡದ, ಹೆಚ್ಚು ಅಂಕವನ್ನೂ ತೆಗೆಯದ ಮಕ್ಕಳು ಪ್ರತಿ ತರಗತಿಯಲ್ಲಿ ಇರುತ್ತಾರೆ. ಅವರು ಕಾಣಿಸಿಕೊಳ್ಳುವುದು ಕೆಲಸದಲ್ಲಿ. ಶಾಲಾ ಸಂಸತ್ತು ಅದಕ್ಕೆ ಒಳ್ಳೆಯ ವೇದಿಕೆ. ನಾಮಪತ್ರ, ಪ್ರಚಾರ, ಗುಪ್ತ ಮತದಾನ, ಎಣಿಕೆ ಎಲ್ಲವೂ ಕ್ರಮಬದ್ಧವಾಗಿ ನಡೆದು, ಮೊಬೈಲ್‌ ಫೋನನ್ನೇ ಮತಯಂತ್ರ ಮಾಡಿಕೊಂಡು ಮಕ್ಕಳು ಮತ ಹಾಕುವ ಶಾಲೆಗಳು ಈಗ ಸಾಕಷ್ಟಿವೆ. ಪ್ರಮಾಣ ವಚನದ ಫೋಟೊ ಪತ್ರಿಕೆಯಲ್ಲೂ ಬರುತ್ತದೆ. ಆಮೇಲೆ ಆ ಮಂತ್ರಿಗಳು ಏನು ಮಾಡಿದರು ಎಂದು ಕೇಳುವವರು ಕಡಿಮೆ.

ಕೇಳಬೇಕಾದ ಜಾಗ ಅದೇ. ಬಿಸಿಯೂಟವನ್ನೇ ನೋಡಿ. ಬಿಸಿಯೂಟ ಕೊಡುವ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ, 2007ರಲ್ಲಿ ಪ್ರೌಢಶಾಲೆಗಳಿಗೂ ಬಂತು. 2013ರ ಆಗಸ್ಟ್‌ 1ರಿಂದ ಕ್ಷೀರಭಾಗ್ಯದ ಹಾಲು ಸೇರಿತು. ಆಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ ಬಂದವು. ಇಷ್ಟು ದೊಡ್ಡ ಊಟದ ವ್ಯವಸ್ಥೆ ಪ್ರತಿದಿನ ಸುಸೂತ್ರವಾಗಿ ನಡೆಯುವುದರಲ್ಲಿ ಅಡುಗೆಯವರ ಜೊತೆ ಮಕ್ಕಳ ಪಾಲೂ ಇದೆ. ಹಾಜರಿ ಎಣಿಸಿ ಅಡುಗೆಮನೆಗೆ ಹೇಳುವವಳು, ಚಿಕ್ಕವರಿಗೆ ಮೊದಲು ಬಡಿಸುವವನು, ತಟ್ಟೆ ತೊಳೆಯುವ ಕಡೆ ನೀರು ಪೋಲಾಗದಂತೆ ನೋಡುವವರು, ಆ ನೀರನ್ನು ಕೈತೋಟದ ನುಗ್ಗೆ, ಕರಿಬೇವಿಗೆ ಹರಿಸುವವರು. ಇವರ ಹೆಸರು ಏಕೆ ಸುದ್ದಿಯಾಗಬಾರದು? ಜೂನ್‌ನಲ್ಲಿ ನೆಟ್ಟ ಗಿಡ ಸೆಪ್ಟೆಂಬರ್‌ನಲ್ಲಿ ಬದುಕಿದೆ ಎಂದರೆ ಅದಕ್ಕೆ ನೀರು ಹಾಕಿದ ಮಗು ಇದೆ ಎಂದೇ ಅರ್ಥ. ಗಿಡ ನೆಡುವ ದಿನ ಬಂದ ಅತಿಥಿಗಳ ಹೆಸರು ವರದಿಯಲ್ಲಿ ಇರುತ್ತದೆ. ನೀರು ಹಾಕಿದ ಮಗುವಿನ ಹೆಸರು ಇರುವುದಿಲ್ಲ. ಈ ಪದ್ಧತಿ ಬದಲಾಗಬೇಕು.

ಯೋಚಿಸುವ ಮಕ್ಕಳಿಗೂ ದಾರಿಗಳಿವೆ. ಪ್ರೌಢಶಾಲೆಯ ಮಕ್ಕಳಿಗೂ ಇರುವ ಇನ್‌ಸ್ಪೈರ್‌–ಮಾನಕ್‌ ಯೋಜನೆಯಲ್ಲಿ ಮಗುವಿನ ಹೊಸ ಆಲೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು ₹10,000 ಸಿಗುತ್ತದೆ. ಎನ್‌ಎಂಎಂಎಸ್‌ ಪರೀಕ್ಷೆಯಲ್ಲಿ ಆಯ್ಕೆಯಾದ ಎಂಟನೇ ತರಗತಿಯ ಮಗುವಿಗೆ ಮುಂದೆ ವರ್ಷಕ್ಕೆ ₹12,000 ವಿದ್ಯಾರ್ಥಿವೇತನ. ಇವೆರಡರ ಹೆಸರೂ ಕೇಳಿರದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಶಾಲೆಯ ಸುದ್ದಿ ಮನೆಮನೆಗೆ ಮುಟ್ಟಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಬರೆಯುವವರು ಮಕ್ಕಳೇ ಆಗಲಿ

ಇಷ್ಟನ್ನೆಲ್ಲ ದಾಖಲಿಸುವವರು ಯಾರು? ಶಿಕ್ಷಕರ ಮೇಲೆ ಈಗಾಗಲೇ ಆನ್‌ಲೈನ್‌ ನಮೂದುಗಳ, ಸಮೀಕ್ಷೆಗಳ ಭಾರ ಇದೆ. ಉತ್ತರ ನಮ್ಮ ಶಾಲೆಗಳ ಹಳೆಯ ರೂಢಿಯಲ್ಲೇ ಇದೆ: ಗೋಡೆ ಪತ್ರಿಕೆ ಮತ್ತು ಕೈಬರಹದ ಪತ್ರಿಕೆ. ಯು.ಆರ್‌. ಅನಂತಮೂರ್ತಿ ಹುಡುಗನಾಗಿದ್ದಾಗ ಅಗ್ರಹಾರದಲ್ಲಿ ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಸುತ್ತ ನಡೆದದ್ದನ್ನು ನೋಡಿ ಬರೆಯುವ ಅಭ್ಯಾಸ ಅವರಿಗೆ ಅಷ್ಟು ಬೇಗ ಹತ್ತಿತ್ತು. ಎಲ್ಲ ಮಕ್ಕಳೂ ಲೇಖಕರಾಗಬೇಕಿಲ್ಲ. ಕಂಡದ್ದನ್ನು ತಪ್ಪಿಲ್ಲದೆ, ಉತ್ಪ್ರೇಕ್ಷೆಯಿಲ್ಲದೆ ಐದು ವಾಕ್ಯಗಳಲ್ಲಿ ಬರೆಯಲು ಬಂದರೆ ಅದು ಜೀವನದುದ್ದಕ್ಕೂ ಬಳಕೆಗೆ ಬರುವ ವಿದ್ಯೆ.

ಮಾಡುವ ಕ್ರಮ ಸರಳ. ಪ್ರತಿ ತರಗತಿಗೆ ವಾರಕ್ಕೊಂದು ಡ್ರಾಯಿಂಗ್‌ ಹಾಳೆ. ವಾರಕ್ಕೆ ಮೂವರು ಸಂಪಾದಕರು, ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ. ಯಾರು, ಯಾವಾಗ, ಎಲ್ಲಿ, ಏನು ಮಾಡಿದರು ಎಂಬ ನಾಲ್ಕು ಪ್ರಶ್ನೆಗೆ ಉತ್ತರವಿದ್ದರೆ ಅದು ಸುದ್ದಿ. ಖೊಖೊ ತಂಡ ಸೋತದ್ದೂ ಸುದ್ದಿ, ಸೋತ ತಂಡದ ಹುಡುಗಿ ಎಷ್ಟು ಹೊತ್ತು ಔಟಾಗದೆ ಓಡಿದಳು ಎಂಬುದೂ ಸುದ್ದಿ. ಪ್ರಯೋಗಾಲಯಕ್ಕೆ ಬಂದ ಹೊಸ ಸೂಕ್ಷ್ಮದರ್ಶಕ, ಊರಿಂದ ಊರಿಗೆ ಕೆಲಸ ಹುಡುಕಿ ಬಂದ ಕುಟುಂಬದ ಹುಡುಗ ತರಗತಿಗೆ ಕಲಿಸಿದ ಅವನ ಸೀಮೆಯ ಆಟ, ಗ್ರಂಥಾಲಯದಿಂದ ಹೆಚ್ಚು ಪುಸ್ತಕ ಒಯ್ದ ಬೆಂಚು, ಎಲ್ಲಕ್ಕೂ ಜಾಗವಿದೆ. ಪಕ್ಕದಲ್ಲಿ ತರಗತಿಯ ಎಲ್ಲರ ಹೆಸರಿನ ಪಟ್ಟಿ ಅಂಟಿಸಿ, ಸುದ್ದಿಯಲ್ಲಿ ಹೆಸರು ಬಂದವರ ಮುಂದೆ ಒಂದು ಗುರುತು ಹಾಕುತ್ತ ಹೋಗಬೇಕು. ಅವಧಿಯ ಕೊನೆಗೆ ಗುರುತಿಲ್ಲದ ಹೆಸರುಗಳು ಶಿಕ್ಷಕರ ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ. ನಾಲ್ಕು ತಿಂಗಳ ಹಾಳೆಗಳನ್ನು ಹೊಲಿದರೆ ಶಾಲೆಯ ಅರ್ಧವರ್ಷದ ಪತ್ರಿಕೆ ಸಿದ್ಧ.

ರಜೆ ಮುಗಿದ ಮೇಲೆ ಕೇಳಬೇಕಾದದ್ದು

ಎಸ್‌ಎ–1 ಮುಗಿದ ಬಳಿಕ 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ಪೋಷಕರನ್ನು ಕರೆದು ಮಕ್ಕಳ ಪ್ರಗತಿ ತೋರಿಸುವ ಪದ್ಧತಿ ಇದೆ. ಕೂಲಿ ಬಿಟ್ಟು ಬರುವ ತಾಯಂದಿರು ಕೈಗೆ ಬಂದ ಅಂಕಪಟ್ಟಿಗೆ ಸಹಿಯೋ ಹೆಬ್ಬೆಟ್ಟೋ ಹಾಕಿ, ಹಿಂಜರಿಯುತ್ತ 'ಹೆಂಗವ್ನೆ ಸಾ ನಮ್ ಹುಡ್ಗ?' ಎಂದು ಒಂದು ಮಾತು ಕೇಳಿ ಹೊರಡುತ್ತಾರೆ. ಆ ಪ್ರಶ್ನೆಗೆ 'ಇಂಗ್ಲಿಷ್‌ನಲ್ಲಿ ಸ್ವಲ್ಪ ಹಿಂದೆ' ಎಂಬುದಷ್ಟೇ ಉತ್ತರವಾದರೆ ಆ ತಾಯಿಗೆ ಅನ್ಯಾಯ. ಹುಡುಗ ಕೈತೋಟ ನೋಡಿಕೊಂಡದ್ದು, ಗುಂಪು ನೃತ್ಯಕ್ಕೆ ತಮಟೆ ಬಾರಿಸಿದ್ದು, ಸಂತೆಯ ಬೆಲೆಗಳ ನಕ್ಷೆ ಬರೆದದ್ದು ಅವಳಿಗೆ ತಿಳಿಯಬೇಕು. ಇಂಗ್ಲಿಷ್‌ನಲ್ಲಿ ಅವನನ್ನು ಮೇಲೆತ್ತುವ ದಾರಿಯೂ ಅಲ್ಲಿಂದಲೇ ಶುರುವಾಗುತ್ತದೆ: ತಾನು ಬೆಳೆಸಿದ ಗಿಡದ ಬಗ್ಗೆ ಇಂಗ್ಲಿಷ್‌ನಲ್ಲಿ ನಾಲ್ಕು ವಾಕ್ಯ ಬರೆ ಎಂದರೆ ಅವನಿಗೆ ಹೇಳಲು ವಿಷಯವಿರುತ್ತದೆ.

ಪೋಷಕರು ಆ ಸಭೆಯಲ್ಲಿ ಮೂರು ಪ್ರಶ್ನೆ ಕೇಳಬೇಕು. ಈ ಅವಧಿಯಲ್ಲಿ ನನ್ನ ಮಗು ತಾನೇ ಮಾಡಿದ ಕೆಲಸ ಯಾವುದು? ಯಾವ ತಂಡದಲ್ಲಿ, ಯಾವ ಹೊಣೆಯಲ್ಲಿ ಇತ್ತು? ಮುಂದಿನ ಅವಧಿಯಲ್ಲಿ ಅದಕ್ಕೆ ಏನು ಕೊಡುತ್ತೀರಿ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ನಾಲ್ಕನೆಯದನ್ನು ಕೇಳಬೇಕು: ಒಮ್ಮೆಯೂ ಹೆಸರು ಬಾರದ ಮಕ್ಕಳು ಎಷ್ಟು ಮಂದಿ, ಅವರು ಯಾವ ಕೇರಿಯವರು, ಯಾವ ಹಾಡಿ, ತಾಂಡಾ, ದೊಡ್ಡಿಯಿಂದ ಬರುವವರು? ಹೆಸರುಗಳು ಒಂದೇ ಕಡೆಯಿಂದ ತಪ್ಪಿಹೋಗುತ್ತಿದ್ದರೆ ಅದರ ಕಾರಣ ಮಗುವಿನ ಸಂಕೋಚದಲ್ಲಿ ಇಲ್ಲ. ಬಸ್ಸಿನ ಸಮಯ, ಉಡುಪಿನ ಖರ್ಚು, ಮನೆಯ ದುಡಿಮೆ, ಹಿರಿಯರ ಪೂರ್ವಗ್ರಹ ಇವುಗಳಲ್ಲಿ ಯಾವುದೋ ಒಂದು ಅಡ್ಡ ನಿಂತಿರುತ್ತದೆ, ಮತ್ತು ಅದನ್ನು ಸರಿಸುವ ಶಕ್ತಿ ಆ ಸಭೆಯಲ್ಲಿ ಕೂತವರಿಗೆ ಇದೆ. ನವೆಂಬರ್‌ನಿಂದ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳಲ್ಲಿ ಇದೇ ಮಾತನ್ನು ಮಕ್ಕಳ ಬಾಯಿಂದ ಹೇಳಿಸಲೂ ಅವಕಾಶವಿದೆ.

ಒಳ್ಳೆಯ ಫಲಿತಾಂಶ ಬೇಕು, ಕಪ್‌ ಕೂಡ ಬೇಕು; ಗೆದ್ದವರನ್ನು ಊರು ಹೆಮ್ಮೆಯಿಂದ ಮೆರೆಸಲಿ. ಆದರೆ ಶಾಲೆಯೊಂದು ಅರ್ಧವರ್ಷವನ್ನು ಹೇಗೆ ನಡೆಸಿತು ಎಂದು ಅಳೆಯಲು ಅದರ ಅತಿ ಜಾಣ ಮಗುವಿನ ಅಂಕ ಸಾಲದು. ಯಾರ ಗಮನಕ್ಕೂ ಬಾರದೆ ಉಳಿಯಬಹುದಾಗಿದ್ದ ಮಗುವಿಗೆ ಅದು ಯಾವ ಕೆಲಸ ಕೊಟ್ಟಿತು, ಆ ಕೆಲಸವನ್ನು ಯಾರಿಗೆಲ್ಲ ತಿಳಿಸಿತು ಎಂದು ನೋಡಬೇಕು. ಎರಡನೇ ಅವಧಿಯ ಮೊದಲ ವಾರ ಪ್ರತಿ ತರಗತಿಯಲ್ಲಿ ಗೋಡೆ ಪತ್ರಿಕೆಯ ಪಕ್ಕದ ಹೆಸರಿನ ಪಟ್ಟಿ ತೆರೆದು, ಗುರುತಿಲ್ಲದ ಹೆಸರುಗಳಿಂದಲೇ ಕೆಲಸ ಆರಂಭಿಸಿದರೆ ಏಪ್ರಿಲ್‌ ಬರುವಷ್ಟರಲ್ಲಿ ಪಟ್ಟಿ ತುಂಬುತ್ತದೆ.